ಹಾಲು ಕರೆಯುವ ಹೊತ್ತಿನೊಳಗೆ ಅರಮನೆ

ನಮ್ಮ ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ವಾಪಸು ಬರಬೇಕು ಎಂಬುದನ್ನು ತೀರ್ಮಾನಿಸುವುದು ಒಂದು ಸೀಮೆ ಹಸು. ಬಾಗಲೂರಿನ ಅಂಚಿನಲ್ಲಿ ನಮ್ಮದು ಈಗ ನಾಲ್ಕು ಅಂತಸ್ತಿನ ಮನೆ. ಕೆಳಗೆ ನಾವು, ಮೇಲೆಲ್ಲ ಬಾಡಿಗೆಯವರು. ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಲೇಔಟು ಎದ್ದಿದೆ. ಎರಡು ಕಾರು ನಿಲ್ಲಲೆಂದು ನಕ್ಷೆಯಲ್ಲಿ ಬರೆದಿದ್ದ ಜಾಗದಲ್ಲಿ ಮಾತ್ರ ಒಂದು ಕಾರು, ಪಕ್ಕದ ಕೊಟ್ಟಿಗೆಯಲ್ಲಿ ಒಂದು ಹಸು ನಿಂತಿವೆ. ತಲೆಯ ಮೇಲೆಯೇ ವಿಮಾನ ಇಳಿದರೂ ಈ ಹಸು ಕಿವಿ ಅಲ್ಲಾಡಿಸುವುದಿಲ್ಲ. ಆದರೆ ಕೆಚ್ಚಲಿಗೆ ನನ್ನ ಅತ್ತೆಯ ಕೈ ಬಿಟ್ಟು ಬೇರೆ ಕೈ ಬಿತ್ತೋ, ಬಕೆಟ್ಟು ಒಂದು ಕಡೆ, ಕೈ ಇಟ್ಟವರು ಇನ್ನೊಂದು ಕಡೆ. ಬೆಳಿಗ್ಗೆ ಐದಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಅತ್ತೆ ಅದರ ಪಕ್ಕ ಕೂರಲೇಬೇಕು. ಹೀಗಾಗಿ ಅವರು ಮದುವೆಗೆ ಹೋದರೆ ಧಾರೆಗೆ ಮೊದಲೇ ಊಟ ಕೇಳುತ್ತಾರೆ. ಸಾವಿಗೆ ಹೋದರೆ ಎಷ್ಟು ಹೊತ್ತಿಗೆ ಎತ್ತುತ್ತಾರೆ ಎಂದು ಮೆಲ್ಲಗೆ ವಿಚಾರಿಸುತ್ತಾರೆ.

ಮೈಸೂರು ಅರಮನೆಗೆ ನಾವು ಹೋಗಿ ಬರಬೇಕಾಗಿದ್ದದ್ದೂ ಈ ಎರಡು ಐದು ಗಂಟೆಗಳ ನಡುವೆ.

ಅರಮನೆಯ ವಿಷಯದಲ್ಲಿ ನಮ್ಮ ಬೀದಿಗೆ ಅತ್ತೆ ಹೇಳಿದ್ದೇ ವೇದವಾಕ್ಯ. ಮದುವೆಯಾದ ಹೊಸತರಲ್ಲಿ, ಅಂದರೆ ನಲವತ್ತೆರಡು ವರ್ಷದ ಹಿಂದೆ, ಮಾವ ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದರು. ಆಗ ಈ ಊರಿನ ಹೆಂಗಸರಲ್ಲಿ ಯಲಹಂಕ ದಾಟಿದವರೇ ಕಡಿಮೆ. ಅಲ್ಲಿಂದ ಬಂದ ಮೇಲೆ ಅತ್ತೆ ಶುರು ಮಾಡಿದ ಅರಮನೆ ವರ್ಣನೆ ಇನ್ನೂ ನಿಂತಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ. ಕಡಿಮೆಯೆಂದರೂ ನೂರು ಸಲ ಕೇಳಿದ್ದೇನೆ. ಚಿನ್ನದ ಕಂಬ, ಆಕಾಶದಷ್ಟು ಎತ್ತರದ ಸೂರು, ಕನ್ನಡಿಯಂಥ ನೆಲ. ಆ ನೆಲದ ಮೇಲೆ ಅತ್ತೆಯ ಹೊಸ ಚಪ್ಪಲಿ ಕಿರ್ ಕಿರ್ ಎಂದು ಸದ್ದು ಮಾಡಿತಂತೆ; ಕಾವಲಿನವನು ಯಾರೋ ರಾಣಿಯೇ ಬಂದಳೆಂದು ತಿರುಗಿ ನೋಡಿದನಂತೆ. ಇಷ್ಟು ಹೇಳಿ ಅತ್ತೆ ಮಾವನ ಕಡೆ ನೋಡುತ್ತಾರೆ. ಜಗಲಿಯ ಮೇಲೆ ಕೂತ ಮಾವ "ಊಂ" ಎನ್ನುತ್ತಾರೆ. ಕಥೆಯಲ್ಲಿ ಅವರ ಪಾತ್ರ ಅಷ್ಟೇ.

ನಾನು ಯಶವಂತಪುರದಲ್ಲಿ ಹುಟ್ಟಿ ಬೆಳೆದವಳು, ಪ್ರೈಮರಿ ಶಾಲೆಯ ಟೀಚರು. ಸಣ್ಣವಳಿದ್ದಾಗ ಶಾಲೆಯಿಂದ ಮೈಸೂರಿಗೆ ಟೂರು ಹೊರಟಾಗಲೆಲ್ಲ ನನಗೆ ಸರಿಯಾಗಿ ಹಿಂದಿನ ದಿನ ಜ್ವರ ಬರುತ್ತಿದ್ದುದರಿಂದ ಅರಮನೆ ನೋಡಿರಲಿಲ್ಲ. ಆದರೆ ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ ತಪ್ಪು ಹೇಳಿದರೆ ತಿದ್ದದೆ ಇರಲು ಆಗುವುದಿಲ್ಲ. ಅಂಗಡಿ ಬೋರ್ಡು, ಮದುವೆ ಪತ್ರಿಕೆ, ನೆಂಟರ ಮಾತು, ಯಾವುದನ್ನೂ ಬಿಟ್ಟವಳಲ್ಲ. ಬೀದಿಯವರು ಏನಾದರೂ ತಕರಾರು ಬಂದರೆ "ಟೀಚರಮ್ಮನ್ನ ಕೇಳಿ, ಆಯಮ್ಮ ಸುಳ್ಳು ಹೇಳಲ್ಲ" ಎನ್ನುತ್ತಾರೆ. ಅದು ಹೊಗಳಿಕೆಯೋ ದೂರೋ ನನಗಿನ್ನೂ ಗೊತ್ತಾಗಿಲ್ಲ. ಅತ್ತೆಯ ಕಥೆಯಲ್ಲಿ ಏನೋ ಎಡವಟ್ಟಿದೆ ಎಂದು ನನಗೆ ಮೊದಲಿಂದಲೂ ಅನುಮಾನ. ಕನ್ನಡಿಯಂಥ ನೆಲದ ಮೇಲೆ ಚಪ್ಪಲಿ ಕಿರ್ ಎನ್ನುವುದು ಹೇಗೆ? ಜಾರಬೇಕು ತಾನೇ?

ಎಡವಟ್ಟು ಹೊರಬಿದ್ದದ್ದು ಅವರೆಕಾಯಿ ಕಾಲದಲ್ಲಿ. ಚಳಿಗಾಲದ ಒಂದು ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ನಮ್ಮ ಜಗಲಿಯ ಮೇಲೆ ಕೂತು ಹಿತಕಿದ ಬೇಳೆಗೆಂದು ನೆನೆದ ಅವರೆಕಾಳಿನ ಸಿಪ್ಪೆ ಹಿಸುಕುತ್ತಿದ್ದರು. ಪಕ್ಕದ ಮನೆಯಾಕೆ ಹಿಂದಿನ ವಾರವಷ್ಟೇ ಮಹಿಳಾ ಸಂಘದ ಟೂರಿನಲ್ಲಿ ಮೈಸೂರು ನೋಡಿ ಬಂದಿದ್ದಳು. ಅತ್ತೆ ಎಂದಿನಂತೆ ಚಪ್ಪಲಿಯ ಕಿರ್ ಕಿರ್ ತನಕ ಬಂದರು. ಪಕ್ಕದ ಮನೆಯಾಕೆಯ ಕೈ ನಿಂತಿತು.

"ಅಲ್ಲಕ್ಕ, ಅರ್ಮನೆ ಒಳಕ್ಕೆ ಚಪ್ಲಿ ಆಕ್ಕೊಂಡ್ ಓಗಂಗೇ ಇಲ್ವಲ್ಲ! ಈಚೆನೇ ಬುಡ್ಬೇಕು. ನಾವೆಲ್ಲ ಬುಟ್ಟೇ ಓಗಿದ್ದು."

ಅತ್ತೆಯ ಬೆರಳ ಸಂದಿಯಿಂದ ಒಂದು ಅವರೆಬೇಳೆ ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು.

"ನಾವು ಓದಾಗ ಅಂಗೇನೂ ಇರ್ನಿಲ್ಲ," ಎಂದರು ಅತ್ತೆ. ಎಲ್ಲರೂ ಮಾವನ ಕಡೆ ನೋಡಿದರು. ಮಾವ "ಊಂ" ಎಂದರು. ಆದರೆ ಆ ಊಂಗೆ ಜೀವ ಇರಲಿಲ್ಲ.

ಆಮೇಲಿನ ಎರಡು ವಾರ ನಮ್ಮ ಮನೆಯಲ್ಲಿ ಸೂತಕದ ಕಳೆ. ಪಕ್ಕದ ಮನೆಯಾಕೆ ಕೆಟ್ಟವಳಲ್ಲ, ಮಾತು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅಷ್ಟೇ. ಡೈರಿಗೆ ಹಾಲು ಹಾಕಲು ಹೋದರೆ ಹೆಂಗಸರು ಅತ್ತೆಯ ಕಾಲು ನೋಡಿ ನಗುತ್ತಿದ್ದರು. ಯಾರೋ ಒಬ್ಬಳು "ಏನ್ ಅಕ್ಕ, ರಾಣಿ ಚಪ್ಲಿನಾ?" ಎಂದು ಕೇಳಿಯೇಬಿಟ್ಟಳಂತೆ. ನಲವತ್ತೆರಡು ವರ್ಷ ಊರಿಗೆಲ್ಲ ಅರಮನೆ ತೋರಿಸಿದ ಅತ್ತೆ ಜಗಲಿಯ ಮೇಲೆ ಕೂರುವುದನ್ನೇ ಬಿಟ್ಟರು. ನನಗೆ ಖುಷಿಯಾಗಬೇಕಿತ್ತು; ಸ್ವಲ್ಪ ಆಯಿತು ಕೂಡ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಅವರು ಕೊಟ್ಟಿಗೆಯಲ್ಲಿ ಹಸುವಿನ ಹತ್ತಿರ ಮಾತ್ರ ಮಾತಾಡುತ್ತ ಕೂತಿರುವುದನ್ನು ನೋಡಿದಾಗ ಆ ಖುಷಿ ಬಹಳ ದಿನ ಉಳಿಯಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಬೂಸ ಕಲಸುತ್ತ ಅತ್ತೆ ಹೇಳಿದರು: "ನಾಳಿಕ್ಕೆ ಅರ್ಮನೆಗೆ ಓಗ್ಬೇಕು. ಇನ್ನೊಂದ್ ಕಿತ ನೋಡ್ಬೇಕು ಅನ್ಸದೆ."

ಇನ್ನೊಂದು ಕಿತ ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದರು.

ನನ್ನ ಗಂಡ ಲೆಕ್ಕ ಹಾಕಿದರು. ಐದಕ್ಕೆ ಹಾಲು ಕರೆದು ಆರಕ್ಕೆ ಹೊರಟರೆ ಹತ್ತಕ್ಕೆ ಅರಮನೆಯ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬಹುದು. ಮೂರು ಗಂಟೆ ನೋಡಬಹುದು. ಒಂದಕ್ಕೆ ಹೊರಟರೆ ಐದಕ್ಕೆ ಹಸುವಿನ ಮುಂದೆ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಕಾಗದದ ಮೇಲೆ ಮಾವ ಇರಲಿಲ್ಲ.

ಮಾವ ಶನಿವಾರ ಸಂಜೆ ಮಾಕಳಿಯಲ್ಲಿರುವ ತಮ್ಮ ಅಕ್ಕನಿಗೆ ಫೋನು ಮಾಡಿ, ನಾಳೆ ನಿಮ್ಮ ಕಡೆಯಿಂದಲೇ ಟೋಲ್ ರಸ್ತೆ ಹಿಡಿದು ಮೈಸೂರಿಗೆ ಹೋಗುತ್ತಿದ್ದೇವೆ ಎಂದು ಹೇಳಿಬಿಟ್ಟಿದ್ದರು. ನಮ್ಮವರಲ್ಲಿ ಇದು ಮಾಡಬಾರದ ಕೆಲಸ. ಹೇಳದೆ ಹೋದರೆ ಒಂದು ವರ್ಷ ಮಾತಾಡಿಸುವುದಿಲ್ಲ. ಹೇಳಿ, ಒಳಗೆ ಹೋಗದೆ ಹೋದರೆ ಸತ್ತರೂ ಮಣ್ಣಿಗೆ ಬರುವುದಿಲ್ಲ. ನಾಗಸಂದ್ರ ದಾಟುವಾಗ ಈ ವಿಷಯ ಗೊತ್ತಾಗಿ ನನ್ನ ಗಂಡ ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡರು.

"ಐದೇ ನಿಮ್ಸ ಕಣ್ಲಾ. ಕಾಫಿ ಕುಡ್ದು ಎದ್ಬುಡಣ," ಎಂದರು ಮಾವ.

ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಅವರ ಕಾಲಲ್ಲಿ ಹೊಸ ಚಪ್ಪಲಿಯಿತ್ತು.

ಮಾಕಳಿ ತಲುಪಿದಾಗ ಏಳೂವರೆ. ಮಾವನ ಅಕ್ಕ ಎಪ್ಪತ್ತೈದು ದಾಟಿದವರು, ಗೇಟಿನಲ್ಲೇ ನಿಂತಿದ್ದರು. ಕಾಂಪೌಂಡಿನ ಗೋಡೆಯ ಮೇಲೆ ಕೆಂಪು ಬಣ್ಣದ ನಾಟಿ ಹುಂಜವೊಂದು ಕೂತು ನಮ್ಮನ್ನೇ ನೋಡುತ್ತಿತ್ತು. ಒಳಗಿನಿಂದ ಮಿಕ್ಸಿಯ ಸದ್ದು, ಹುರಿದ ಕೊತ್ತಂಬರಿ ಬೀಜದ ವಾಸನೆ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ಗಾದೆ ಇದೆಯಲ್ಲ; ಇಲ್ಲಿ ಮಸಾಲೆ ಅರೆಯುವಾಗ ಕೋಳಿಯನ್ನೂ ಕೇಳಿರಲಿಲ್ಲ, ನಮ್ಮನ್ನೂ ಕೇಳಿರಲಿಲ್ಲ.

"ಬನ್ನಿ ಬನ್ನಿ. ಇಡ್ಲಿ ಆಗೈತೆ. ನೀವ್ ಬಂದ್ಮ್ಯಾಕೆ ಕೋಳಿ ಕುಯ್ಯಣ ಅಂತ ಬುಟ್ಟಿದ್ದೆ. ಬಿಸಿಬಿಸಿ ಸಾರಲ್ಲಿ ತಿಂದ್ರೇನೇ ಚೆಂದ," ಎಂದರು.

ಕೋಳಿ ಇನ್ನೂ ಗೋಡೆಯ ಮೇಲೆ. ಅದನ್ನು ಹಿಡಿದು, ಕೊಯ್ದು, ಪುಕ್ಕ ಕಿತ್ತು, ಸುಟ್ಟು, ತೊಳೆದು, ಬೇಯಿಸಿ, ನಾಲ್ಕು ಜನಕ್ಕೆ ಬಡಿಸುವುದೆಂದರೆ ಹನ್ನೊಂದು ಗಂಟೆ. ನಾಟಿ ಹುಂಜ ಬೇರೆ, ಬೇಗ ಬೇಯುವ ಜಾತಿಯಲ್ಲ.

ಅತ್ತೆ ಅಂಗಳದ ನಡುವೆ ನಿಂತುಬಿಟ್ಟರು. ಕೋಳಿಯನ್ನು ನೋಡಿದರು, ಮಾವನ ಅಕ್ಕನನ್ನು ನೋಡಿದರು, ಕೊನೆಗೆ ಮಾವನ ಕಡೆ ತಿರುಗಿದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಆವತ್ತೂ ಇಂಗೇ! ಇದೇ ಅಂಗಳ, ಇಂಥದ್ದೇ ಕೋಳಿ! ಹೊಸಾ ಜೋಡಿ ಉಣ್ದೆ ಓಗಬಾರ್ದು ಅಂತ ಕೂರ್ಸ್ಕೊಂಡು, ಮದ್ಯಾನ ಮಾಡಿ, ನಾವ್ ಓಗೋ ಒತ್ಗೆ ಅರ್ಮನೆ ಬಾಗ್ಲು ಆಕ್ಸಿದ್ರಿ! ಇವತ್ತೂ ಆಕ್ಸ್ತೀರಾ?"

ಹೇಳಿದ ಮೇಲೆ ಅವರಿಗೆ ತಾನೇನು ಹೇಳಿದೆ ಎಂಬುದು ಅರಿವಾಯಿತು. ನಾನು ಅವರ ಹಿಂದೆಯೇ ನಿಂತಿದ್ದೆ.

ಅತ್ತೆ ಅರಮನೆ ನೋಡಿಯೇ ಇರಲಿಲ್ಲ. ನಲವತ್ತೆರಡು ವರ್ಷದ ಹಿಂದೆ ಇದೇ ಮನೆಯಲ್ಲಿ ಕೋಳಿ ಸಾರು ಉಂಡು, ಬಸ್ಸಿನ ಮೇಲೆ ಬಸ್ಸು ಹತ್ತಿ, ಸಂಜೆ ಹೋಗಿ ಮುಚ್ಚಿದ ಗೇಟಿನ ಮುಂದೆ ನಿಂತು ಬಂದಿದ್ದರು. ಮರುದಿನ ಬೆಳಿಗ್ಗೆ ಮನೆಯಲ್ಲಿ ಹಸು ಕರೆಯಬೇಕಿತ್ತು. ಆಗಲೂ ಹಸು ಇತ್ತು, ಇದರ ಮುತ್ತಜ್ಜಿ ಇರಬೇಕು. ಹಿಂದಿರುಗುವ ಬಸ್ಸಿನಲ್ಲಿ ಅತ್ತೆ ಅತ್ತರಂತೆ. ಊರಿನವರಿಗೆ ಏನು ಹೇಳುವುದು? ಮಾವ ಆಗ "ನೋಡ್ದೋ ಅಂತ ಏಳು, ನಾನು ಊಂ ಅಂತೀನಿ" ಎಂದು ಮಾತು ಕೊಟ್ಟರಂತೆ. ಈ ವಿವರವೆಲ್ಲ ನನಗೆ ಆಮೇಲೆ ಮಾವ ಹೇಳಿದ್ದು. ಆ ಅಂಗಳದಲ್ಲಿ ನಿಂತಾಗ ಗೊತ್ತಾದದ್ದು ಇಷ್ಟೇ: ಹನ್ನೊಂದು ವರ್ಷದಿಂದ ನಾನು ಹುಡುಕುತ್ತಿದ್ದ ತಪ್ಪು ಸಿಕ್ಕಿದೆ, ಸಿಕ್ಕಿದ ಮೇಲೆ ಅದನ್ನು ಏನು ಮಾಡಬೇಕೆಂದು ಮಾತ್ರ ತಿಳಿಯುತ್ತಿಲ್ಲ.

ಮಾವನ ಅಕ್ಕನಿಗೆ ಕಣ್ಣಲ್ಲಿ ನೀರು ಬಂತು. ಉಣ್ಣದೆ ಹೋದರೆ ನನ್ನ ಹೆಣ ನೋಡಿ ಎಂದರು. ಉಂಡರೆ ಅರಮನೆಯಿಲ್ಲ. ನನ್ನ ಗಂಡ ಗಡಿಯಾರ ನೋಡುತ್ತಿದ್ದರು, ಮಾವ ನೆಲ ನೋಡುತ್ತಿದ್ದರು. ಮುಕ್ಕಾಲು ಗಂಟೆ ರಾಜಿ ನಡೆಯಿತು. ಕೊನೆಗೆ ತೀರ್ಮಾನವಾದದ್ದು: ಇಡ್ಲಿಯನ್ನು ಚಟ್ನಿಯ ಜೊತೆ ತಿಂದು ಹೋಗುವುದು, ಕೋಳಿಯನ್ನು ಜೊತೆಯಲ್ಲಿ ಒಯ್ಯುವುದು. ನಮ್ಮ ಹೆಸರಿನಲ್ಲಿ ಬಿಟ್ಟ ಕೋಳಿ ನಮ್ಮ ಹೊಟ್ಟೆಗೇ ಹೋಗಬೇಕಂತೆ. ಅರೆದ ಮಸಾಲೆಯನ್ನೂ ಒಂದು ಡಬ್ಬಿಯಲ್ಲಿ ಹಾಕಿಕೊಟ್ಟರು.

ಹೀಗೆ ಮಾಕಳಿಯ ಹುಂಜ ಕಾಲು ಕಟ್ಟಿಸಿಕೊಂಡು, ಬಟ್ಟೆಯ ಚೀಲದಿಂದ ಕತ್ತು ಹೊರಗೆ ಹಾಕಿ, ನನ್ನ ಮತ್ತು ಅತ್ತೆಯ ನಡುವೆ ಕೂತು ಮೈಸೂರಿಗೆ ಹೊರಟಿತು. ನನ್ನ ಗಂಡ ಆ ಕಾರು ಕೊಂಡು ಎರಡು ತಿಂಗಳಾಗಿತ್ತು. ಸೀಟಿನ ಪ್ಲಾಸ್ಟಿಕ್ಕು ಕೂಡ ತೆಗೆದಿರಲಿಲ್ಲ, ದೇವರು ದೊಡ್ಡವನು. ಬಿಡದಿ ದಾಟುವ ಹೊತ್ತಿಗೆ ಕೋಳಿ ಎರಡು ಸಲ ತನ್ನ ಅಭಿಪ್ರಾಯವನ್ನು ಸೀಟಿನ ಮೇಲೆ ತಿಳಿಸಿತ್ತು.

ಅತ್ತೆ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ಒಂದು ಸಲ ಮಾತ್ರ ಕೋಳಿಯ ತಲೆಯ ಮೇಲಿಂದ ನನ್ನನ್ನು ನೋಡಿ, "ನೀನು ಯಾರ್ಗೂ ಏಳಕ್ಕೋಗ್ಬ್ಯಾಡ," ಎಂದರು. ಅವರು ಯಾವತ್ತೂ ನನ್ನನ್ನು ಏನೂ ಬೇಡಿಕೊಂಡವರಲ್ಲ. ನಾನು ಕಿಟಕಿಯ ಗಾಜು ಇಳಿಸಿ ಮುಖ ಆಚೆ ತಿರುಗಿಸಿದೆ. ಅದಕ್ಕೆ ಅರ್ಧ ಕಾರಣ ಕೋಳಿಯ ವಾಸನೆ.

ಅರಮನೆಯ ಗೇಟಿನ ಮುಂದೆ ನಾವು ಇಳಿದಾಗ ಹನ್ನೆರಡು ಗಂಟೆ. ಭಾನುವಾರ ಬೇರೆ. ಕರ್ನಾಟಕದ ಅರ್ಧ ಜನ ಅಲ್ಲೇ ಇದ್ದರು, ಉಳಿದರ್ಧ ಬಸ್ಸುಗಳಿಂದ ಇಳಿಯುತ್ತಿದ್ದರು. ನಮ್ಮ ಕೈಯಲ್ಲಿದ್ದದ್ದು ಒಂದೇ ಗಂಟೆ. ನನ್ನ ಗಂಡ ಚೀಲವನ್ನು ಮಾವನ ಕೈಗೆ ಕೊಟ್ಟು, "ಅಪ್ಪಾ, ಈ ಕೋಳಿ ನನ್ ಕಾರಲ್ಲಿ ಇನ್ನೊಂದ್ ನಿಮಿಷ ಇರಂಗಿಲ್ಲ. ನಾನು ಕಾಲೇಜಲ್ಲೇ ಅರಮನೆ ನೋಡಿದೀನಿ, ನಿದ್ದೆ ಮಾಡ್ತೀನಿ," ಎಂದು ಪಾರ್ಕಿಂಗ್ ಹುಡುಕಿಕೊಂಡು ಹೋಗಿಬಿಟ್ಟರು. ಆಮೇಲೆ ಫೋನು ಮಾಡಿದರೂ ಎತ್ತಲಿಲ್ಲ.

ಚೀಲ ಪರೀಕ್ಷೆ ಮಾಡುವ ಕಾವಲಿನವನು ಕೋಳಿಯ ಮುಖವನ್ನು ನೋಡಿದ. ಕೋಳಿ ಅವನ ಮುಖವನ್ನು ನೋಡಿತು.

"ಏನ್ ಯಜಮಾನ್ರೇ ಇದು?"

"ಕೋಳಿ," ಎಂದರು ಮಾವ. ಸುಳ್ಳು ಹೇಳುವ ಅಗತ್ಯವಿರಲಿಲ್ಲ.

"ಕೋಳಿ ತಗೊಂಡು ಅರಮನೆ ಒಳಗೆ ಬಿಡಲ್ಲ."

ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. "ನೀವೋಗ್ಬನ್ನಿ. ನಂಗೂ ಮಂಡಿ ನೋವು. ನಾನ್ ಇಲ್ಲೇ ಕೂತಿರ್ತೀನಿ," ಎಂದು ಗೇಟಿನ ಹೊರಗಿನ ಮರದ ನೆರಳಿನ ಕಡೆ ನಡೆದರು. ಅತ್ತೆ ಅವರ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕೈ ಹಿಡಿದು "ನಡಿ, ಬಿರ್ರನೆ ನಡಿ," ಎಂದು ಓಡಿದಂತೆ ನಡೆದರು.

ಒಳಗೆ ಹೋಗುವ ಮೊದಲು ಚಪ್ಪಲಿ ಬಿಡುವ ಜಾಗ. ನೂರಾರು ಜನ ಬಗ್ಗಿ ಚಪ್ಪಲಿ ಕಳಚುತ್ತಿದ್ದರು, ಚೀಟಿ ಈಸಿಕೊಳ್ಳುತ್ತಿದ್ದರು. ಅತ್ತೆ ಅಲ್ಲಿ ಗಕ್ಕನೆ ನಿಂತರು. ಪಕ್ಕದ ಮನೆಯಾಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವರು ನನ್ನ ಕಡೆ ನೋಡಲಿಲ್ಲ. ನಾನು ಬೇಗ ಬೇಗ ನನ್ನ ಚಪ್ಪಲಿ ಬಿಚ್ಚಿ, ಬಗ್ಗಿ ಅವರ ಹೊಸ ಚಪ್ಪಲಿಯ ಪಟ್ಟಿಯನ್ನೂ ಬಿಚ್ಚಿ, ಎರಡನ್ನೂ ಒಟ್ಟಿಗೆ ಕೊಟ್ಟು ಚೀಟಿ ಪರ್ಸಿಗೆ ಹಾಕಿಕೊಂಡೆ. ತಿದ್ದುವ ಅವಕಾಶ ಸಿಕ್ಕಿಯೂ ಬಾಯಿ ಮುಚ್ಚಿಕೊಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಒಳಗೆ ಜನ ನಮ್ಮನ್ನು ನಡೆಸಿದರು. ನಾವು ನಡೆದೆವು ಎನ್ನಲಾಗದು. ಮುಂದಿನವರ ಬೆನ್ನು, ಹಿಂದಿನವರ ಮೊಣಕೈ. ಗೋಡೆಯ ಮೇಲೆ ದಸರಾ ಮೆರವಣಿಗೆಯ ದೊಡ್ಡ ದೊಡ್ಡ ಚಿತ್ರಗಳು. ಅತ್ತೆ ಒಂದೊಂದನ್ನೂ ನೋಡಿದ್ದು ಎರಡೆರಡು ಸೆಕೆಂಡು. ನೋಡುತ್ತಿದ್ದದ್ದಕ್ಕಿಂತ ಕಾಲಿನಿಂದ ತಡಕುತ್ತಿದ್ದದ್ದೇ ಹೆಚ್ಚು. "ನೆಲ ತಣ್ಣಗೈತೆ," ಎಂದರು ತಮ್ಮಷ್ಟಕ್ಕೆ. ನೂರು ಸಲ ಕೇಳಿದ ಕಥೆಯಲ್ಲಿ ನೆಲ ತಣ್ಣಗಿದೆ ಎಂಬ ಮಾತು ಒಂದು ಸಲವೂ ಬಂದಿರಲಿಲ್ಲ.

ಅಲ್ಲಿಂದ ಕಲ್ಯಾಣ ಮಂಟಪ. ತಲೆ ಎತ್ತಿದರೆ ಬಣ್ಣದ ಗಾಜಿನ ಸೂರು, ಅದರ ತುಂಬ ನವಿಲು. ಸುತ್ತ ಸಾಲು ಕಂಬ. ಗಾಜಿನಿಂದ ಇಳಿದ ಬೆಳಕು ಅತ್ತೆಯ ಮುಖದ ಮೇಲೆ ಬಿದ್ದಿತ್ತು. ಅವರ ಬಾಯಿ ಸ್ವಲ್ಪ ತೆರೆದಿತ್ತು. ಪಕ್ಕದಲ್ಲಿ ಯಾರೋ ತಮ್ಮವರಿಗೆ ಇದು ರಾಜರ ಮನೆತನದ ಮದುವೆ ನಡೆಯುತ್ತಿದ್ದ ಜಾಗ ಎಂದು ವಿವರಿಸುತ್ತಿದ್ದರು. ಗಡಿಯಾರ ನೋಡಿಕೊಂಡೆ, ಹನ್ನೆರಡೂ ನಲವತ್ತು. ಮಹಡಿಯ ದರ್ಬಾರ್ ಹಾಲು ಬಾಕಿ ಇತ್ತು.

"ಅತ್ತೆ, ಬನ್ನಿ, ಮೇಲಕ್ಕೆ ಹೋಗೋಣ. ಇಪ್ಪತ್ತೇ ನಿಮಿಷ ಇರೋದು."

ಅತ್ತೆ ಮೇಲಕ್ಕೆ ಬರಲಿಲ್ಲ. ತಿರುಗಿ, ಬಂದ ದಾರಿಯಲ್ಲೇ ಜನರ ಎದುರಿಗೆ ಹೊರಟರು. ನಾನು ಬೆನ್ನಟ್ಟಿದೆ. ಕಾವಲಿನವನು ಸೀಟಿ ಊದಿದ. "ಅಮ್ಮಾ, ಆ ಕಡೆ ಹೋಗಂಗಿಲ್ಲ, ಒನ್ ವೇ ಇದು!" ಅತ್ತೆಗೆ ಕೇಳಿಸಲೇ ಇಲ್ಲ. ದನಗಳ ಜಾತ್ರೆಯಲ್ಲಿ ಎತ್ತು ಹಿಡಿದು ನುಗ್ಗಿ ಅಭ್ಯಾಸವಿದ್ದವರು; ಜನ ತಾವಾಗಿಯೇ ದಾರಿ ಬಿಟ್ಟರು.

"ಅತ್ತೆ, ಎಲ್ಲಿಗೆ? ಹೊತ್ತಾಯ್ತು! ಹಾಲು!"

"ನಿಮ್ಮಾವ ನಲವತ್ತೆರಡ್ ವರ್ಸ ನನ್ ಸುಳ್ಗೆಲ್ಲ ಊಂ ಅಂದವ್ರೆ," ಎಂದರು ಅತ್ತೆ ನಿಲ್ಲದೆ. "ಒಂದ್ ಕಿತನಾರ ನಿಜುಕ್ಕೆ ಊಂ ಅನ್ಲಿ."

ಬರಿಗಾಲಲ್ಲೇ ಅಂಗಳ ದಾಟಿದರು. ಮಧ್ಯಾಹ್ನದ ಬಿಸಿಲಿಗೆ ನೆಲ ಕಾದಿತ್ತು, ನಾನು ಕುಣಿಯುತ್ತ ಹಿಂದೆ ಓಡಿದೆ. ಮರದ ನೆರಳಲ್ಲಿ ಮಾವ ಕಡಲೆಕಾಯಿ ಬಿಡಿಸಿ ತಾವೊಂದು ತಿಂದು ಕೋಳಿಗೊಂದು ಕೊಡುತ್ತಿದ್ದರು. ಅತ್ತೆ ಅವರ ಅಂಗಿಯ ತೋಳು ಹಿಡಿದು ಎಬ್ಬಿಸಿದರು.

"ಏಳಿ ಮ್ಯಾಕೆ."

"ಕೋಳಿ?"

"ಅದ್ನ ಇವ್ಳು ಇಡ್ಕೋತಾಳೆ."

ಇವಳು ಎಂದರೆ ನಾನು. ಜ್ವರದ ಕಾರಣಕ್ಕೆ ಮೂರು ಸಲ ಅರಮನೆ ತಪ್ಪಿಸಿಕೊಂಡವಳು ನಾಲ್ಕನೆಯ ಸಲ ಕೋಳಿಯ ಕಾರಣಕ್ಕೆ ತಪ್ಪಿಸಿಕೊಂಡೆ. ನನ್ನ ಅರಮನೆ ಒಂದು ಮಂಟಪಕ್ಕೇ ಮುಗಿಯಿತು. ಅವರಿಬ್ಬರಿಗೆ ಹೊಸದಾಗಿ ಟಿಕೆಟು ತೆಗೆದುಕೊಟ್ಟೆ. ಅತ್ತೆ ಮಾವನ ತೋಳನ್ನು ಬಿಡಲಿಲ್ಲ. ಮಾವ ಮಂಡಿ ನೋವಿನಲ್ಲಿ ಒಂದು ಕಡೆ ವಾಲುತ್ತ, ಅತ್ತೆ ಅವರನ್ನು ಎಳೆಯುತ್ತ ಜನರೊಳಗೆ ಮರೆಯಾದರು. ಅವರು ಹೀಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಡೆದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಗೇಟಿನ ಕಾವಲಿನವನ ಮುಂದೆ ಕಣ್ಣೊರೆಸಿಕೊಂಡೆ. ಕೈಯಲ್ಲಿ ಕೋಳಿ ಹಿಡಿದು ಅಳುವ ಹೆಂಗಸನ್ನು ಅವನು ಏನೆಂದುಕೊಂಡನೋ.

ಕೋಳಿಯ ಜೊತೆ ನಾನು ಒಂದು ಗಂಟೆಗೂ ಮಿಕ್ಕಿ ಕೂತಿದ್ದೆ. ಅದು ಅರಮನೆಯ ಕಡೆ ಕತ್ತು ಚಾಚಿ ಮೂರು ಸಲ ಗಟ್ಟಿಯಾಗಿ ಕೂಗಿತು. ಯಾವುದೋ ದೇಶದ ಪ್ರವಾಸಿಗಳು ಅರಮನೆಗೆ ಬೆನ್ನು ಹಾಕಿ ನಮ್ಮಿಬ್ಬರ ಫೋಟೋ ತೆಗೆದುಕೊಂಡರು. ನನ್ನ ಶಾಲೆಯ ಪೋಷಕರೊಬ್ಬರು ಸಂಸಾರ ಸಮೇತ ಎದುರಿಗೇ ಬಂದು "ಮಿಸ್, ನೀವು ಇಲ್ಲಿ?" ಎಂದಾಗ ಚೀಲವನ್ನು ಸೆರಗಿನಡಿ ಮುಚ್ಚಿಕೊಂಡು "ಹೀಗೇ, ಅರಮನೆ ನೋಡೋಣ ಅಂತ," ಎಂದೆ. ಸೆರಗು ಕೊಕ್ಕೊಕ್ಕೋ ಎಂದಿತು. ಅವರು ಬೇಗನೆ ಬೇರೆ ಕಡೆ ಹೊರಟುಹೋದರು.

ಅವರಿಬ್ಬರೂ ಹೊರಗೆ ಬಂದದ್ದು ಎರಡು ಗಂಟೆಗೆ ಹತ್ತು ನಿಮಿಷವಿರುವಾಗ. ಚಪ್ಪಲಿ ಚೀಟಿ ನನ್ನ ಪರ್ಸಿನಲ್ಲೇ ಇದ್ದುದರಿಂದ ಅತ್ತೆ ಬರಿಗಾಲಲ್ಲೇ ಬಂದಿದ್ದರು. ನಾನು ಓಡಿ ಹೋಗಿ ಚಪ್ಪಲಿ ತಂದೆ. ಮಾವ ಕಾರಿನಲ್ಲಿ ಕೂತು ಶ್ರೀರಂಗಪಟ್ಟಣ ದಾಟಿದ ಮೇಲೆ ನಿಟ್ಟುಸಿರು ಬಿಟ್ಟು, "ಅಸುರು ಕಂಬ ಭಾಳ ಚೆಂದಾಗಿದ್ವು," ಎಂದರು.

"ಅಸ್ರೆಲ್ಲಿ? ನೀಲಿ," ಎಂದರು ಅತ್ತೆ.

"ನೀಲಿ ಅಲ್ಲ, ಅಸ್ರೇ."

"ನಂಗೇನ್ ಕಣ್ ಕಾಣಾಕಿಲ್ವಾ?"

ನಲವತ್ತೆರಡು ವರ್ಷ ಅರಮನೆಯ ವಿಷಯದಲ್ಲಿ ಒಂದು ಮಾತಿಗೂ ಭಿ­ನ್ನಾಭಿಪ್ರಾಯವಿಲ್ಲದೆ ಬಾಳಿದ ಗಂಡ ಹೆಂಡತಿ, ಇಬ್ಬರೂ ಕಣ್ಣಾರೆ ನೋಡಿದ ಮೇಲೆ ಶ್ರೀರಂಗಪಟ್ಟಣದಿಂದ ಹೆಬ್ಬಾಳದವರೆಗೆ ಜಗಳ ಆಡಿದರು. ಕಂಬ ಹಸಿರೋ ನೀಲಿಯೋ, ನವಿಲು ಎಷ್ಟಿದ್ದವು, ದರ್ಬಾರ್ ಹಾಲಿನಲ್ಲಿ ಮಾವ ಕೂತದ್ದಕ್ಕೆ ಕಾವಲಿನವನು ಬೈದನೋ ಇಲ್ಲವೋ. ನನ್ನ ಗಂಡ ಕಿವಿಗೆ ಹತ್ತಿ ಇಟ್ಟುಕೊಳ್ಳಲು ಹತ್ತಿ ಸಿಗದೆ ಹಾರ್ನ್ ಹೊಡೆಯುತ್ತ ಓಡಿಸಿದರು. ಹೆಬ್ಬಾಳದ ಫ್ಲೈಓವರಿನ ಮೇಲೆ ವಾಹನಗಳು ಇರುವೆ ಸಾಲಿನಂತೆ ನಿಂತಿದ್ದವು. ಅಲ್ಲೇ ಆರು ಗಂಟೆಯಾಯಿತು. ಅತ್ತೆ ಜಗಳ ನಿಲ್ಲಿಸಿದರು. "ಕೆಚ್ಲು ಕಟ್ಕೊಂಡಿರ್ತದೆ ಪಾಪ," ಎಂದು ಆಗಾಗ ಅಂದುಕೊಳ್ಳುತ್ತಿದ್ದರು.

ಬೀದಿಯ ತಿರುವಿನಲ್ಲೇ ಹಸುವಿನ ಅರಚಾಟ ಕೇಳಿಸಿತು. ಗಂಟೆ ಏಳಕ್ಕೆ ಹತ್ತಿರ. ಬಾಡಿಗೆಯವರೆಲ್ಲ ಬಾಲ್ಕನಿಯಲ್ಲಿ ನಿಂತಿದ್ದರು. ಪಕ್ಕದ ಮನೆಯಾಕೆ ಕೊಟ್ಟಿಗೆಯ ಬಾಗಿಲಲ್ಲಿ ಸೀರೆಯೆಲ್ಲ ಸಗಣಿ ಮಾಡಿಕೊಂಡು, ನೆಗ್ಗಿಹೋದ ಬಕೆಟ್ಟು ಹಿಡಿದು ನಿಂತಿದ್ದಳು. ಹಸುವಿನ ಸಂಕಟ ನೋಡಲಾಗದೆ ಕರೆಯಲು ಹೋಗಿ ಎರಡು ಸಲ ಒದೆಸಿಕೊಂಡಿದ್ದಳು. ಹೇಳಿದೆನಲ್ಲ, ಕೆಟ್ಟವಳಲ್ಲ.

ಅತ್ತೆ ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದು, ಸೆರಗು ಸಿಕ್ಕಿಸಿ, ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬೆನ್ನು ಸವರಿದರು, ಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದರು. ಸ್ವಲ್ಪ ಹೊತ್ತಿಗೆ ಅರಚಾಟ ನಿಂತು ಬಕೆಟ್ಟಿಗೆ ಹಾಲು ಬೀಳುವ ಸದ್ದು ಮಾತ್ರ ಉಳಿಯಿತು. ಮಾವ ಕೋಳಿಯನ್ನು ಚೀಲದಿಂದ ಬಿಡಿಸಿ ಜಗಲಿಯ ಕಂಬಕ್ಕೆ ಕಟ್ಟಿದರು. ಮುಂದಿನ ಭಾನುವಾರ ಅದು ಮಾಕಳಿಯ ಮಸಾಲೆಯಲ್ಲೇ ಸಾರಾಯಿತು. ಮಾವ ಮಾತ್ರ ತಿನ್ನಲಿಲ್ಲ. ಜೊತೆಯಲ್ಲಿ ಕಡಲೆಕಾಯಿ ತಿಂದವನನ್ನು ಹೇಗೆ ತಿನ್ನುವುದು ಎಂದರು.

ಪಕ್ಕದ ಮನೆಯಾಕೆ ತಡೆಯಲಾರದೆ ಕೇಳಿದಳು. "ಎಂಗಿತ್ತಕ್ಕ ಅರ್ಮನೆ?" ಬೀದಿಯ ಇನ್ನಿಬ್ಬರು ಹೆಂಗಸರು ಹಾಲಿನ ತಂಬಿಗೆ ಹಿಡಿದುಕೊಂಡು ಬಂದು ನಿಂತಿದ್ದರು. ಬಾಲ್ಕನಿಯವರೂ ಬಗ್ಗಿದರು.

ಅತ್ತೆ ಕರೆಯುವುದನ್ನು ನಿಲ್ಲಿಸಲಿಲ್ಲ.

"ಎಂಗಿರ್ತದೆ? ನಾವ್ ಆವತ್ತು ನೋಡ್ದಾಗ ಎಂಗಿತ್ತೋ ಅಂಗೇ ಐತೆ ಕಣೆ. ಚಪ್ಲಿ ಮಾತ್ರ ಈಗ ಈಚೆ ಬುಡಿಸ್ತಾರೆ."

ಎಲ್ಲರೂ ಮಾವನ ಕಡೆ ನೋಡಿದರು. "ಊಂ," ಎಂದರು ಮಾವ, ನಾಲ್ಕು ಮನೆಗೆ ಕೇಳಿಸುವಂತೆ.

ಪಕ್ಕದ ಮನೆಯಾಕೆಗೆ ಇನ್ನೂ ನಂಬಿಕೆ ಬರಲಿಲ್ಲ. ಅವಳು ನನ್ನ ಕಡೆ ತಿರುಗಿದಳು. "ಔದಾ ಟೀಚರಮ್ಮ? ಮೊದ್ಲು ಚಪ್ಲಿ ಬುಡುಸ್ತಿರ್ಲಿಲ್ವಂತಾ?"

ಹಾಲು ಬೀಳುವ ಸದ್ದು ನಿಂತಿತು. ನನ್ನ ಪರ್ಸಿನಲ್ಲಿ ಅರಮನೆಯ ಟಿಕೆಟುಗಳಿದ್ದವು, ಸೀರೆಯ ಮೇಲೆ ಕೋಳಿಯ ಗುರುತಿತ್ತು, ಬಾಯಿಯಲ್ಲಿ ಸರಿಯಾದ ಉತ್ತರವಿತ್ತು.

"ಹೂಂ ಕಣ್ರೀ. ನಾನೇ ಅಲ್ಲಿ ಕೇಳ್ದೆ. ಇತ್ತೀಚೆಗೆ ಮಾಡಿರೋ ರೂಲ್ಸಂತೆ," ಎಂದೆ.

ಹೆಂಗಸರು ತಲೆಯಾಡಿಸಿದರು. ಟೀಚರಮ್ಮ ಹೇಳಿದ ಮೇಲೆ ಮುಗಿಯಿತು. ಅತ್ತೆ ನನ್ನ ಕಡೆ ತಿರುಗಿ ನೋಡಲಿಲ್ಲ. ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಮತ್ತೆ ಕರೆಯಲು ಶುರು ಮಾಡಿದರು. ಅವರ ಹೆಗಲು ಸಣ್ಣಗೆ ಕುಲುಕುತ್ತಿತ್ತು. ಅದು ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.